ತೆರೆಯದ ಕೊಂಡಿ

ಸವೆದ ಕಾಲರನ್ನು ಬಿಚ್ಚಿ, ತಿರುವಿ ಹೊಲಿದು, ಅದರ ಮೊನೆಯನ್ನು ನೆಟ್ಟಗೆ ಕೂರಿಸುವುದು ಹೇಗೆಂದು ಹೊಲಿಗೆ ಅಂಗಡಿಯ ಹುಡುಗಿ ತನ್ನ ಬ್ಲಾಗಿನಲ್ಲಿ ಚಿತ್ರಸಮೇತ ಬರೆದಿದ್ದಳು. ಓದಲು ಮಾತ್ರ ಒಂದು ನರಪಿಳ್ಳೆಯೂ ಬಂದಿರಲಿಲ್ಲ.

"ಯಾರಿಗೇ ಬರೀತೀಯ, ಗೋಡೆಗಾ?" ಅಂಗಡಿಯ ಒಡತಿ ಚಿಕ್ಕಮ್ಮ ಕತ್ತರಿ ಆಡಿಸುತ್ತಲೇ ಕೇಳಿದಳು. "ಈ ತಿಂಗಳೂ ಯಾರೂ ಬರ್ಲಿಲ್ಲ ಅಂದ್ರೆ ಮುಚ್ಚಿಬಿಡು."

"ಸರಿ ಚಿಕ್ಕಮ್ಮ" ಅಂದುಬಿಟ್ಟಳು ಹುಡುಗಿ.

ಭಾವ ಉಪಾಯ ಹೇಳಿಕೊಟ್ಟ. "ಸಿಕ್ಕಸಿಕ್ಕವರ ಪುಟದ ಕೆಳಗೆಲ್ಲಾ 'ಚೆನ್ನಾಗಿದೆ' ಅಂತ ಬರೆದು ನಿನ್ನ ಲಿಂಕ್ ಅಂಟಿಸ್ತಾ ಹೋಗು."

"ಓದದೇನೇ ಚೆನ್ನಾಗಿದೆ ಅನ್ನೋದು ಹೇಗೆ ಭಾವ?"

"ಆಹಾ, ದೊಡ್ಡ ಸತ್ಯವಂತೆ ಬಂದ್ಲು!"

ಅವಳು ಬೇರೆ ದಾರಿ ಹಿಡಿದಳು. ಹೊಲಿಗೆಯ ಬಗ್ಗೆ ಬರೆಯುವವರ ಪುಟಗಳನ್ನು ಪೂರ್ತಿ ಓದಿ, ಅಲ್ಲಿಂದ ಬೇರೆ ಪುಟಗಳಿಗೆ ಹೋಗುವ ಕೊಂಡಿಗಳನ್ನೆಲ್ಲ ಒತ್ತಿ ನೋಡುವಳು. ಕೆಟ್ಟುಹೋದದ್ದು ಕಂಡರೆ ಪುಟದವರಿಗೆ ತಿಳಿಸಿ, ಅದೇ ವಿಷಯ ತನ್ನಲ್ಲಿದ್ದರೆ ಬೇಕಾದರೆ ಹಾಕಿಕೊಳ್ಳಿ ಎನ್ನುವಳು.

ಹಳೆಯ ಅಂಗಿ ಗುಂಡಿಗಳನ್ನು ಸಂಗ್ರಹಿಸುವ ಒಬ್ಬಾತನ ಪುಟದಲ್ಲಿ 'ಕಾಲರು ತಿರುವುವುದು' ಎಂಬ ಕೊಂಡಿಯಿತ್ತು. ಒತ್ತಿದರೆ ಬರೀ ಬಿಳುಪು. ಅವಳಿಗೆ ಖುಷಿ ತಡೆಯಲಾಗಲಿಲ್ಲ. 'ಈ ಲಿಂಕ್ ಸತ್ತಿದೆ. ಆ ಜಾಗಕ್ಕೆ ನನ್ನ ಬರಹ ಹೊಂದುತ್ತದೆ' ಎಂದು ತನ್ನ ವಿಳಾಸದೊಂದಿಗೆ ಬರೆದು ಕಳಿಸಿದಳು.

ಉತ್ತರ ಬಂತು. 'ಗೊತ್ತಮ್ಮ. ಅದು ನನ್ನ ಹೆಂಡತಿಯ ಪುಟ. ಅವಳು ಹೋದಳು, ಆಮೇಲೆ ಅದೂ ಹೋಯಿತು. ತೆರೆಯೋದಿಲ್ಲ ಅಂತ ಗೊತ್ತಿದ್ದೂ ದಿನಾ ಬೆಳಿಗ್ಗೆ ಒಂದು ಸಲ ಒತ್ತುತ್ತೇನೆ. ಆ ಜಾಗ ಖಾಲಿ ಇಲ್ಲ.'

ತಾನೇ ಬರೆದ 'ಸತ್ತಿದೆ' ಎಂಬ ಪದ ಪರದೆಯ ಮೇಲೆ ಕೂತು ಅವಳನ್ನೇ ನೋಡುತ್ತಿತ್ತು. ದಿನವಿಡೀ ಹೊಲಿಗೆ ಯಂತ್ರದ ಸದ್ದಿನ ಹಿಂದೆ ಯಾರೋ ಏನನ್ನೋ ಒತ್ತುತ್ತಿರುವ ಟಕ್ ಟಕ್ ಕೇಳಿಸಿತು.

ಹಳೆಯ ಪುಟಗಳ ನಕಲನ್ನು ಕೂಡಿಡುವ ತಾಣಗಳಿರುವುದು ಅವಳಿಗೆ ಗೊತ್ತಿತ್ತು. ಹುಡುಕಿದಳು, ಆತನ ಹೆಂಡತಿಯ ಪುಟ ಸಿಕ್ಕಿತು. ಆಕೆಯ ಕೈಗಳ ಚಿತ್ರಗಳು, ಹೆಬ್ಬೆರಳಿಗೆ ಸುತ್ತಿಕೊಂಡ ಬಟ್ಟೆಯ ಚೂರು. ಕೊನೆಯಲ್ಲಿ ಒಂದು ಮಾತು: 'ಮೊನೆ ಕೂರಿಸುವುದು ಮಾತ್ರ ನನ್ನ ಕೈಗಿನ್ನೂ ಒಲಿದಿಲ್ಲ. ಬಲ್ಲವರು ಬರೆದರೆ ಇಲ್ಲಿಂದಲೇ ಅಲ್ಲಿಗೆ ದಾರಿ ಹಾಕುತ್ತೇನೆ.'

ಇದನ್ನು ಆತನಿಗೆ ಹೇಳಿಬಿಡಲೇ? ಆದರೆ ಸತ್ತವಳನ್ನು ತನ್ನ ಪರ ಸಾಕ್ಷಿಗೆ ಕರೆದಂತಾಗುತ್ತದೆ ಅನಿಸಿತು. ತನ್ನ ಬರಹದ ಸುದ್ದಿಯನ್ನೇ ಎತ್ತದೆ, ಆ ನಕಲಿನ ವಿಳಾಸವನ್ನಷ್ಟೇ ಕಳಿಸಿದಳು.

ಉತ್ತರ ಬರಲಿಲ್ಲ.

ತಿಂಗಳ ಕೊನೆಗೆ, ಮುಚ್ಚಿಬಿಡೋಣವೆಂದು ಬ್ಲಾಗ್ ತೆರೆದರೆ ಓದುಗರು ಬಂದಿದ್ದರು. ಎಲ್ಲರೂ ಗುಂಡಿಯಾತನ ಪುಟದಿಂದ. ಅಲ್ಲಿ ಆ ಹಳೆಯ ಕೊಂಡಿ ಈಗ ನಕಲಿನ ಪುಟಕ್ಕೆ ತೆರೆಯುತ್ತಿತ್ತು. ಅದರ ಕೆಳಗೆ ಹೊಸದೊಂದು: 'ಮೊನೆ ಕೂರಿಸುವುದು ಇಲ್ಲಿದೆ. ಅವಳು ಹಾಕಬೇಕಿದ್ದ ದಾರಿ, ನಾನು ಹಾಕಿದ್ದೇನೆ.'

"ಬಂದ್ರೇನೇ ಯಾರಾದ್ರೂ?" ಚಿಕ್ಕಮ್ಮ ಕೇಳಿದಳು.

"ಬಂದ್ರು ಚಿಕ್ಕಮ್ಮ."

"ಎಷ್ಟು ಜನ?"

ಅವಳು ಅರ್ಧಕ್ಕೆ ಬಿಟ್ಟಿದ್ದ ಕಾಲರನ್ನು ಕೈಗೆತ್ತಿಕೊಂಡಳು. ಮೊನೆ ಕೂರಿಸುವಾಗ ಯಾರೋ ಹೆಗಲ ಮೇಲಿಂದ ಬಗ್ಗಿ ನೋಡುತ್ತಿರುವಂತಾಯಿತು. ತಿರುಗಿ ನೋಡಲಿಲ್ಲ. ಸರಿಯಾಗಿ ಕಾಣಲೆಂದು ಕೈಯನ್ನು ತುಸು ಬೆಳಕಿನ ಕಡೆಗೆ ಸರಿಸಿದಳು.