ಜೇನುನುಡಿಗೆ ಮಹಜರು

"ಬಾಯಿ ಬಿಡಮ್ಮ. ಜೇನುಕುರುಬರೋಳು ಅಂತ ಅರ್ಜಿ ಹಾಕಿದ್ದೀಯ. ಆ ಭಾಷೇಲಿ ಎರಡು ಮಾತಾಡು ಅಂದ್ರೆ ಹೆಣ್ಣು ನೋಡೋಕೆ ಬಂದೋರ ಮುಂದೆ ನಿಂತ ಹಾಗೆ ನಿಂತಿದ್ದೀಯಲ್ಲ. ನಿಜ ಹೇಳು, ಯಾರ ಮಗಳು ನೀನು?"

ತಾಲ್ಲೂಕು ಕಚೇರಿಯಿಂದ ಬಂದಿದ್ದ ಮಹೇಶ್‌ಕುಮಾರ್ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದರು. ಕುರ್ಚಿ ಜೇನುಕುರುಬರ ಆ ಹಾಡಿಯದಲ್ಲ, ಶಿವನಂಜಪ್ಪನವರು ತಮ್ಮ ಮನೆಯಿಂದ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದದ್ದು. ಇನ್ನೊಂದು ಕುರ್ಚಿಯಲ್ಲಿ ಅವರೇ ಕೂತು ಎಲೆಅಡಿಕೆ ಜಗಿಯುತ್ತಿದ್ದರು. ಮಹಜರಿಗೆ ಸಾಕ್ಷಿ ಬೇಕು, ಹಾಡಿಯವರ ಸಾಕ್ಷಿ ನಡೆಯುವುದಿಲ್ಲ ಎಂದಿದ್ದರಿಂದ ಊರಿನ ಪರವಾಗಿ ಶಿವನಂಜಪ್ಪನವರು ಬಂದಿದ್ದರು. ಅವರ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನಲ್ಲಿ ಸಣ್ಣಿ ಹನ್ನೆರಡು ವರ್ಷದಿಂದ ಕೂಲಿ ಮಾಡುತ್ತಿದ್ದಳು.

ಸಣ್ಣಿ ಆಗಲೂ ಸೊಪ್ಪು ಕಟ್ಟುವುದನ್ನು ಅರ್ಧಕ್ಕೆ ಬಿಟ್ಟು ಓಡಿಬಂದವಳು. ಸೊಪ್ಪಿನ ಅಂಟು ಒಣಗಿ ಅಂಗೈ ಕರಿ ತಾರಿನಂತೆ ಹೊಳೆಯುತ್ತಿತ್ತು. ಆ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಮಗಳ ಪಕ್ಕ ನಿಂತಿದ್ದಳು. ಶ್ಯಾಮಲಾ ಎದೆಗೆ ಅವಚಿಕೊಂಡಿದ್ದ ಪ್ಲಾಸ್ಟಿಕ್ ಕವರಿನಲ್ಲಿ ಮಾರ್ಕ್ಸ್ ಕಾರ್ಡೂ ನರ್ಸಿಂಗ್ ಕಾಲೇಜಿನ ಸೀಟಿನ ಪತ್ರವೂ ಇದ್ದವು. ಕಾಲೇಜಿಗೆ ಜಾತಿ ಸರ್ಟಿಫಿಕೇಟು ಕೊಡಲು ಸೋಮವಾರ ಕಡೇ ದಿನ. ಇವತ್ತು ಶುಕ್ರವಾರ. ಯಾರೋ ಸುಳ್ಳು ಜಾತಿ ಹೇಳಿ ಸೀಟು ಹೊಡೆದರೆಂದು ಈಗ ಎಲ್ಲರಿಗೂ ಮನೆಬಾಗಿಲಿನಲ್ಲಿ ಪರೀಕ್ಷೆ. ಮಹೇಶ್‌ಕುಮಾರರ ತೊಡೆಯ ಮೇಲಿದ್ದ ಹಾಳೆಯಲ್ಲಿ ಮೂರು ಕಾಲಂ: ದೇವರು, ಆಚಾರ, ಭಾಷೆ. ಎರಡು ತುಂಬಿದ್ದವು.

"ಸರ್, ನನಗೆ ಪೂರ್ತಿ ಅರ್ಥ ಆಗುತ್ತೆ," ಎಂದಳು ಶ್ಯಾಮಲಾ. "ಮಾತಾಡೋಕೆ ನಾಲಿಗೆ ತಿರುಗೋಲ್ಲ."

"ನಾನೂ ಇಂಗ್ಲಿಷ್ ಸಿನಿಮಾ ನೋಡ್ತೀನಿ, ಅರ್ಥ ಆಗುತ್ತೆ. ಹಾಗಂತ ಬಿಳೀ ದೊರೆ ಆಗ್ಬಿಡ್ತೀನಾ?"

ಶಿವನಂಜಪ್ಪ ನಕ್ಕು ಪಕ್ಕಕ್ಕೆ ಉಗಿದರು. "ಬಾಸೆ ಅತ್ಲಾಗಿರ್ಲಿ ಸಾರ್, ಬಣ್ಣ ನೋಡಿ. ಈ ಹಾಡೀಲಿ ಇಂತ ಬಣ್ಣ ಎಲ್ಲದೆ? ಆಗ ಇವ್ಳು ಕಾಪಿ ಕುಯ್ಯಕ್ಕೆ ಕೊಡುಗ್ಗೋಗಿ ಬತ್ತಿದ್ಲು. ಯಾವ ತೋಟದ ರೈಟ್ರು ಕೊಟ್ಟ ಪರಸಾದವೋ."

ಸಣ್ಣಿ ನೆಲ ನೋಡಿದಳು. ಸತ್ತ ಗಂಡ ನಂಜುಂಡನ ಮೂಗು, ನಂಜುಂಡನ ಹಣೆ ಮಗಳ ಮುಖದ ಮೇಲೆ ಕೂತಿದ್ದವು. ಅದಕ್ಕೆ ಕಾಲಂ ಇರಲಿಲ್ಲ.

"ನಂದೇ ತಪ್ಪು ಬುದ್ಧಿ," ಅಂದಳು. "ಮಗೀಗೆ ನಾನೇ ಕಲಿಸ್ನಿಲ್ಲ."

ಅದು ನಿಜ. ಆರು ವರ್ಷಕ್ಕೆ ಮಗಳನ್ನು ಆಶ್ರಮ ಶಾಲೆಗೆ ಬಿಟ್ಟಿದ್ದಳು. ಅಲ್ಲಿನ ವಾರ್ಡನ್ ಗುರುಶಾಂತಮ್ಮ ಊಟದ ಸಾಲಿನಲ್ಲಿ ಜೇನುನುಡಿ ಆಡಿದ ಮಗುವನ್ನು ರಟ್ಟೆ ಹಿಡಿದು ಸಾಲಿನ ಕೊನೆಗೆ ನಿಲ್ಲಿಸುತ್ತಿದ್ದಳು. ಕೊನೆಯ ತಟ್ಟೆಗೆ ಬೀಳುತ್ತಿದ್ದದ್ದು ಸಾರಿನ ನೀರು. ಮೊದಲ ದಸರಾ ರಜೆಗೆ ಬಂದ ಮಗಳು, ಒಲೆಯ ಮುಂದೆ ಕೂತು ಅವ್ವ ತಮ್ಮ ನುಡಿಯಲ್ಲಿ ಏನೋ ಕೇಳಿದ್ದಕ್ಕೆ, ಓಡಿಬಂದು ಪುಟ್ಟ ಅಂಗೈಯಿಂದ ಅವಳ ಬಾಯಿ ಮುಚ್ಚಿದ್ದಳು. "ಅಂಗ್ ಮಾತಾಡ್ಬ್ಯಾಡ ಕಣವ್ವ. ಮಿಸ್ಸು ಕೇಳುಸ್ಕತಾರೆ."

ಅವತ್ತಿಗೆ ಸಣ್ಣಿ ತೀರ್ಮಾನ ಮಾಡಿದಳು. ಬ್ಯಾರನ್ನಿನಲ್ಲಿ ಒಕ್ಕಲಗೇರಿ ಹೆಂಗಸರು ಆಡುವ ಕನ್ನಡವನ್ನೇ ಕಷ್ಟಪಟ್ಟು ಕಲಿತು ಮಗಳೊಡನೆ ಆಡಿದಳು. ತನ್ನ ನುಡಿಯನ್ನು ಒಲೆಗೆ, ನಾಯಿಗೆ, ಸತ್ತುಹೋದ ಅಪ್ಪ ಜೋಗಯ್ಯನಿಗೆ ಉಳಿಸಿಕೊಂಡಳು. ಮಗಳು ಟಿ.ವಿ.ಯಲ್ಲಿ ವಾರ್ತೆ ಓದುವವರ ಹಾಗೆ ಮಾತಾಡುವುದನ್ನು ಕೇಳಿ, ತಾನು ಮಾಡಿದ್ದು ಒಳ್ಳೆಯದೇ ಆಯಿತೆಂದು ಇವತ್ತು ಬೆಳಗಿನವರೆಗೂ ನಂಬಿದ್ದಳು.

"ನಾ ಒಂದ್ ಮಾತ್ ಯೋಳ್ಕೊಡ್ತೀನಿ, ಅವ್ಳೂ ಯೋಳ್ತಾಳೆ," ಎಂದು ಕೈಮುಗಿದಳು. ಕರಿ ಅಂಗೈ ಹೊರಗೆ ಬಂತು.

"ಗಿಳಿಗೂ ಹಂಗೇ ಹೇಳ್ಕೊಡ್ತಾರೆ. ಅದಕ್ಕೂ ಸರ್ಟಿಫಿಕೇಟ್ ಬರೀಲಾ?" ಮಹೇಶ್‌ಕುಮಾರ್ ಮೊಬೈಲು ತೆಗೆದರು. "ಹೋಗ್ಲಿ, ಒಂದು ದಾರಿ ಮಾಡೋಣ. ಜೇನು ಕೀಳೋವಾಗ ಹಾಡ್ತೀರಂತಲ್ಲ, ಅದನ್ನ ಇಬ್ಬರೂ ಸೇರಿ ಹಾಡಿ. ವಿಡಿಯೋ ಹಾಕಿ ಮೇಲಿನವರಿಗೆ ತೋರಿಸ್ತೀನಿ. ಸ್ವಲ್ಪ ಕುಣಿದ್ರೂ ಬೇಜಾರಿಲ್ಲ."

"ಅದು ನೆಲದ್ ಮ್ಯಾಲೆ ಯೋಳದಲ್ಲ ಬುದ್ಧಿ. ನಮ್ಮಪ್ಪ ಮರ ಅತ್ತಿ, ಎಜ್ಜೇನ್ ತಾವು ಕುಂತ್ಕಂಡು ಯೋಳವ್ನು. ನಿಮ್ ಮನೆ ಕೀಳ್ತಾ ಇವ್ನಿ, ಮಕ್ಳು ಅಸ್ದವೆ, ಕ್ವಾಪ ಮಾಡ್ಕಬ್ಯಾಡಿ ಅಂತ. ಅದು ಉಳುಗೊಳ್ಗೆ ಯೋಳದು."

"ನಮ್ಮನ್ನೇ ಹುಳ ಅನ್ಕೊಂಡು ಹೇಳು."

"ಯೋಳಮ್ಮಿ ಲೌಡಿ," ಎಂದರು ಶಿವನಂಜಪ್ಪ. "ಏನ್ ದೌಲತ್ತು ನಿಂದು? ಮಗ್ಳು ನರ್ಸಮ್ಮ ಆಗ್ಬೇಕೋ, ಸೊಪ್ಪು ಕಟ್ಬೇಕೋ?"

ಮೊಬೈಲಿನ ಕಣ್ಣು ಸಣ್ಣಿಯ ಮುಖಕ್ಕೆ ಸರಿಯಾಗಿ ನಿಂತಿತು. ಅವಳು ಮಗಳನ್ನು ನೋಡಿದಳು, ಕವರನ್ನು ನೋಡಿದಳು. ಸೋಮವಾರಕ್ಕೆ ಮೂರು ದಿನ. ಅಪ್ಪಾ, ತಪ್ಪಾಯ್ತು ಅಂದುಕೊಂಡು ಬಾಯಿ ತೆರೆದಳು. ಜೇನಿನ ಹಾಡಿನ ಮೊದಲ ಎಳೆ ಗಂಟಲವರೆಗೂ ಬಂತು.

"ಬ್ಯಾಡ ಕಣವ್ವ," ಎಂದಳು ಶ್ಯಾಮಲಾ.

ಬಾಯಿ ತೆರೆದೇ ಇತ್ತು. ಹಾಡು ಒಳಕ್ಕೆ ಹೋಯಿತು, ಹೊರಕ್ಕೆ ಬಂದದ್ದು ಬೈಗುಳ. ಹನ್ನೆರಡು ವರ್ಷ ಒಲೆಗೂ ನಾಯಿಗೂ ಆಡಿದ್ದ ನುಡಿ ಮೊದಲ ಬಾರಿಗೆ ಕುರ್ಚಿಯಲ್ಲಿ ಕೂತವರ ಕಡೆ ತಿರುಗಿತು. ಕುಂಡೆ ಹಬ್ಬದ ದಿನ ತಮ್ಮ ದೇವರನ್ನೇ ಎದುರಿಗೆ ನಿಲ್ಲಿಸಿಕೊಂಡು ಬೈಯುವ ಜನ ಅವರು. ಸಣ್ಣಿ ಕೂಗಲಿಲ್ಲ. ಸೊಪ್ಪು ಕಟ್ಟುವಾಗಿನ ಹಾಗೆ ಒಂದರ ಹಿಂದೆ ಒಂದು ಜೋಡಿಸುತ್ತಾ ಹೋದಳು.

"ಏನ್ರೀ ಇದು? ಏನಂತಿದ್ದಾಳೆ?" ಮಹೇಶ್‌ಕುಮಾರ್ ಶಿವನಂಜಪ್ಪನ ಕಡೆ ತಿರುಗಿದರು.

"ಆ ಕಾಡ್ ಬಾಸೆ ನಂಗೆಲ್ ಬಂದದು ಸಾರ್."

"ನಾನು ಹೇಳ್ತೀನಿ ಸರ್," ಎಂದಳು ಶ್ಯಾಮಲಾ. ಶಾಲೆಯಲ್ಲಿ ಪಾಠ ಒಪ್ಪಿಸುವವರಂತೆ ನೆಟ್ಟಗೆ ನಿಂತಳು. "ನೀವು ಕಾಡುಹಂದಿ ಗೆಣಸು ಕೆದಕಿ ಬಿಟ್ಟುಹೋದ ಗುಂಡಿಯಲ್ಲಿ ಹುಟ್ಟಿದವರಂತೆ."

ಸಣ್ಣಿ ಉಸಿರು ತೆಗೆದುಕೊಂಡು ಮುಂದುವರಿದಳು. ಮಗಳೂ ಮುಂದುವರಿದಳು.

"ನಿಮ್ಮ ಹೊಕ್ಕುಳಬಳ್ಳಿ ಕೊಯ್ದಾಗ ಯಾರು ಬಂದು ರುಜು ಹಾಕಿದರು ಅಂತ ಕೇಳ್ತಿದ್ದಾರೆ. ನಮ್ಮ ಅಜ್ಜನನ್ನ ಕಾಡಿನಿಂದ ಲಾರಿಗೆ ತುಂಬಿದ ದಿನ ಅವನು ಈ ಭಾಷೆಯಲ್ಲೇ ಅತ್ತನಂತೆ. ಅವತ್ತು ಯಾಕೆ ಮಹಜರು ಬರೀಲಿಲ್ಲ ಅಂತ. ಶಿವನಂಜಪ್ಪನವರಿಗೂ ಇದೆ ಸರ್. ಅವರ ಬಾಯಿಗೆ ಆನೆ ಲದ್ದಿ ತುಂಬಲಿ. ಆಮೇಲಿನದು ಹೇಳೋಕೆ ನನಗೆ ನಾಚಿಕೆ ಆಗುತ್ತೆ."

"ಬೋಳಿಮುಂಡೇವಾ," ಎಂದು ಶಿವನಂಜಪ್ಪ ಎದ್ದರು.

ಮಹೇಶ್‌ಕುಮಾರ್ ಅವರನ್ನು ತಡೆದರು. ಮೊಬೈಲು ಜೇಬಿಗೆ ಹಾಕಿ ಪೆನ್ನು ತೆಗೆದರು. ಅವರ ಮುಖದಲ್ಲಿ ಸಿಟ್ಟು ಕಾಣಲಿಲ್ಲ. ಬರೆಯುತ್ತಲೇ ಗಟ್ಟಿಯಾಗಿ ಓದಿದರು: "ಅಭ್ಯರ್ಥಿಗೆ ಸದರಿ ಪಂಗಡದ ಭಾಷೆಯನ್ನು ಮಾತನಾಡಲು ಬರುವುದಿಲ್ಲ."

"ಅಷ್ಟೂ ಅರ್ಥ ಮಾಡ್ಕೊಂಡು ಹೇಳಿದೆನಲ್ಲ ಸರ್."

"ಬರುತ್ತದೆ, ಬರುವುದಿಲ್ಲ. ಇಲ್ಲಿರೋದು ಎರಡೇ. ಅರ್ಥ ಆಗೋದಕ್ಕೆ ಜಾಗ ಇಲ್ಲಮ್ಮ. ಬೇಕಾದ್ರೆ ಮೇಲ್ಮನವಿ ಹಾಕ್ಕೋ, ಮೂರು ತಿಂಗಳಲ್ಲಿ ಕರೀತಾರೆ."

ಶಿವನಂಜಪ್ಪ ಹಾಳೆಯನ್ನು ಮೊಣಕಾಲ ಮೇಲಿಟ್ಟುಕೊಂಡು, ನಾಲಿಗೆ ಹೊರಗೆ ಚಾಚಿ, ನಿಧಾನವಾಗಿ ರುಜು ಹಾಕಿದರು. ಜೀಪು ಹೊರಟಿತು. ಕುರ್ಚಿಗಳು ಟ್ರ್ಯಾಕ್ಟರು ಹತ್ತಿದವು.

"ಸೊಪ್ಪೆಲ್ಲ ಅಣ್ಣಾಗಿ ನಿಂತದೆ, ಜನ ಇಲ್ಲ," ಎಂದರು ಶಿವನಂಜಪ್ಪ, ಏನೂ ನಡೆದೇ ಇಲ್ಲವೆಂಬಂತೆ. "ನಾಳಿಂದ ಮಗ್ಳುನ್ನೂ ಕರ್ಕಂಡು ಬಾ ಸಣ್ಣಿ."

ಸಣ್ಣಿ ಅವರ ಮುಖ ನೋಡಿಕೊಂಡೇ ತನ್ನ ನುಡಿಯಲ್ಲಿ ಉತ್ತರ ಕೊಟ್ಟಳು. ಮೆತ್ತಗೆ, ಉದ್ದಕ್ಕೆ.

"ಏನಂದ್ಲಮ್ಮಿ ನಿಮ್ಮವ್ವ?"

ಶ್ಯಾಮಲಾ ಕಣ್ಣೊರೆಸಿಕೊಂಡಳು. "ನಂಗೆ ಆ ಬಾಸೆ ಬರಕಿಲ್ಲ ಕಣ್ರೀ. ಈಗ್ತಾನೆ ನೀವೇ ರುಜು ಆಕುದ್ರಲ್ಲ."

ಶಿವನಂಜಪ್ಪ ಬಾಯೊಳಗಿದ್ದ ಎಲೆಅಡಿಕೆ ಉಗಿದರು. ಆಮೇಲೆ ಟ್ರ್ಯಾಕ್ಟರು ಹತ್ತಿದರು. ಅದು ತಿರುವು ದಾಟಿ ಮರೆಯಾದರೂ ಸಣ್ಣಿಯ ಮಾತು ನಿಂತಿರಲಿಲ್ಲ. ರಸ್ತೆಗೆ, ಧೂಳಿಗೆ, ಅಂಟು ಬಿಡದ ತನ್ನ ಕೈಗೆ ಅವಳು ಹೇಳುತ್ತಲೇ ಇದ್ದಳು. ಪಕ್ಕದಲ್ಲಿ ಶ್ಯಾಮಲಾ ಎರಡು ಕೈಯಲ್ಲೂ ಕವರನ್ನು ಅವಚಿಕೊಂಡು ನಿಂತಿದ್ದಳು. ಅವ್ವನ ಬಾಯಿ ಮುಚ್ಚಲು ಒಂದು ಕೈಯೂ ಮೇಲೇಳಲಿಲ್ಲ.