ಕೆಟಲ್ ಜ್ಯಾಕ್‌ನ ಇನ್ನೊಂದು ಹೆಸರು

ನಮ್ಮ ಥಾರ್ಡೆನ್ನಿನಲ್ಲಿ ಕಲ್ಲೆಸೆದರೆ ಅದು ಯಾವನಾದರೂ ಒಬ್ಬ ಹಾರ್ಟ್ಲಿಯ ತಲೆಗೇ ಬೀಳುತ್ತದೆ. ನಾನು ಹುಟ್ಟಿದ್ದೂ ಹಾರ್ಟ್ಲಿ, ಕಟ್ಟಿಕೊಂಡಿದ್ದೂ ಹಾರ್ಟ್ಲಿಯನ್ನೇ. ಹಾಗಾಗಿ ಆ ಮನೆತನದ ಹೆಸರು ಹಿಡಿದು ಇಲ್ಲಿ ಯಾರೂ ಯಾರನ್ನೂ ಕರೆಯುವುದಿಲ್ಲ. ಕೋಳಿ ಸಾಕುವವನು ಕೋಳಿ ಜಾನ್. ಪಬ್ಬು ನಡೆಸುವ ನಾನು ಎಲ್ಲರ ವಿಷಯಕ್ಕೂ ಮೂಗು ತೂರಿಸುತ್ತೇನಂತೆ, ಅದಕ್ಕೆ ಮೂಗಿನ ಆಲ್ಮಾ. ಗಿರಣಿಯವರಿಗೆ ಬೆಳಿಗ್ಗೆ ಬಿಸಿನೀರು ಕಾಯಿಸಿ ಕೊಡುತ್ತಿದ್ದ ಮುದುಕಿಯೊಬ್ಬಳ ಮೊಮ್ಮಗ ಕೆಟಲ್ ಜ್ಯಾಕ್. ಮುದುಕಿ ಸತ್ತು ಎಷ್ಟೋ ಕಾಲವಾದರೂ ಕೆಟಲ್ ಮಾತ್ರ ಆ ಮನೆಯವರ ಬೆನ್ನು ಬಿಡಲಿಲ್ಲ.

ಈ ಜ್ಯಾಕ್‌ಗೆ ಒಂದು ಹುಚ್ಚು. ಲೋಕದಲ್ಲಿ ಹೆಸರು ಮಾಡಿದ ಹಾರ್ಟ್ಲಿಗಳ ಚಿತ್ರಗಳನ್ನು ಎಲ್ಲೆಲ್ಲಿಂದಲೋ ತಂದು ನನ್ನ ಪಬ್ಬಿನ ಗೋಡೆಗೆ ಹಾಕುತ್ತಿದ್ದ. ಜಾಮ್ ಮಾಡಿ ಸರ್ ಪದವಿ ಪಡೆದವನು, ಲಿವರ್‌ಪೂಲಿನ ಹಡಗುಕಟ್ಟೆ ಕಟ್ಟಿಸಿದವನು, ಟೈಟಾನಿಕ್ ಮುಳುಗುವಾಗಲೂ ಪಿಟೀಲು ಕೆಳಗಿಡದವನು. ಚಿನ್ನ ಕದಿಯಲು ನಾಣ್ಯದ ಅಂಚು ಕತ್ತರಿಸಿ ಗಲ್ಲಿಗೇರಿದ ಒಬ್ಬನಿದ್ದ. ಅವನ ಚಿತ್ರ ಎಲ್ಲೂ ಸಿಗದೆ, ಬರೀ ಹಗ್ಗ ಬರೆದು ತೂಗುಹಾಕಿದ. ಪ್ರತಿ ಚಿತ್ರದ ಪಕ್ಕವೂ ತನ್ನ ಮೂಗು ಒಡ್ಡಿ ನಿಂತು, "ನೋಡಿ ಹೇಳು ಆಲ್ಮಾ, ಇವ್ನು ನಮ್ಮವ್ನಾ?" ಎಂದು ಕೇಳುವುದು. ಯಾವ ಹಾರ್ಟ್ಲಿ ಯಾವ ಮನೆಯವನು ಎಂದು ತಿಳಿಯಬೇಕಾದರೆ ಊರು ಅವನನ್ನೇ ಕೇಳಬೇಕಿತ್ತು.

ಪಿಟೀಲಿನವನ ಶವಯಾತ್ರೆಯನ್ನು ಜ್ಯಾಕ್ ಚಿಕ್ಕವನಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದ. ಅವನ ಹುಟ್ಟೂರಾದ ಕೋಲ್ನ್ ಪಟ್ಟಣದ ಬೀದಿ ತುಂಬ ಟೋಪಿ ತೆಗೆದ ತಲೆಗಳೇ ಇದ್ದವಂತೆ. "ಹೋದ್ರೆ ಹಂಗೆ ಹೋಗ್ಬೇಕು," ಅನ್ನುತ್ತಿದ್ದ.

ವಯಸ್ಸಾದ ಮೇಲೆ ಒಂದು ಚಳಿಗಾಲ ಅವನಿಗೆ ಕೆಮ್ಮು ಹೆಚ್ಚಾಗಿ, ಸಮುದ್ರದ ಗಾಳಿ ಒಳ್ಳೆಯದೆಂದು ಸೌತ್‌ಪೋರ್ಟಿನಲ್ಲಿದ್ದ ಮಗಳು ಮೇರಿಯನ್‌ಳ ಮನೆಗೆ ಹೋದ. ಫೆಬ್ರವರಿಯಲ್ಲಿ ಪೇಪರಿನಲ್ಲಿ ಒಂದು ಸಾವಿನ ಸುದ್ದಿ ಬಂತು: ಜಾನ್ ಎಡ್ವರ್ಡ್ ಹಾರ್ಟ್ಲಿ, ಅಂತ್ಯಕ್ರಿಯೆ ಶನಿವಾರ ಎರಡು ಗಂಟೆಗೆ, ಥಾರ್ಡೆನ್ ಚಾಪೆಲಿನಲ್ಲಿ. ಅದೇ ದಿನ ಮಿಸೆಸ್ ರಿಮ್ಮರ್ ಎಂಬಾಕೆ ನನಗೆ ಫೋನು ಮಾಡಿ, ಮಣ್ಣಿಗೆ ಬಂದವರಿಗೆಲ್ಲ ಹಂದಿಮಾಂಸದ ಹ್ಯಾಮು, ಚಹಾ ಸಿದ್ಧವಿರಲಿ, ಊರಿಗೆ ಊರೇ ಬರುತ್ತದೆ ಎಂದಳು. ಬೆಣ್ಣೆಯಿಂದ ಕೂದಲು ತೆಗೆದಷ್ಟು ನಾಜೂಕಿನ, ಪೇಟೆಯವರ ಇಂಗ್ಲಿಷು. ಸತ್ತಿದ್ದು ಯಾರಮ್ಮ ಎಂದು ಕೇಳಿದರೆ, ಪೇಪರಿನಲ್ಲಿ ಹಾಕಿಸಿದ್ದೇವಲ್ಲ ಎಂದು ಫೋನು ಇಟ್ಟೇಬಿಟ್ಟಳು.

ಪಬ್ಬಿನಲ್ಲಿ ವಾರವೆಲ್ಲ ಅದೇ ಮಾತು. ಯಾರೀ ಜಾನ್ ಎಡ್ವರ್ಡ್? ಊರಿನ ಜಾನ್‌ಗಳನ್ನೆಲ್ಲ ವಿಚಾರಿಸಿದ್ದಾಯಿತು, ಎಲ್ಲರೂ ಗುಂಡುಕಲ್ಲಿನಂತೆ ಇದ್ದರು. ಯಾರೋ ಪುಣ್ಯಾತ್ಮರು ಸೇಬಿನ ಪೈ ಹಿಡಿದು ಕೋಳಿ ಜಾನ್‌ನ ಹೆಂಡತಿಗೆ ಸಮಾಧಾನ ಹೇಳಲು ಹೋದರೆ, ಬಾಗಿಲು ತೆಗೆದವನು ಅವನೇ. ಪೈ ಮಾತ್ರ ವಾಪಸು ಕೊಡಲಿಲ್ಲ. ಕೊನೆಗೆ, ಜಾಮಿನವರ ಕಡೆಯ ಯಾರೋ ಸಿರಿವಂತರು ಬೇರು ಹುಡುಕಿಕೊಂಡು ಇಲ್ಲಿ ಮಣ್ಣಾಗಲು ಬರುತ್ತಿದ್ದಾರೆ ಎಂದು ತೀರ್ಮಾನವಾಯಿತು. ಪರರ ಮಣ್ಣಿಗೆ ಕರೆಯದೆ ಹೋಗುವವರು ನಾವಲ್ಲ.

"ಕೆಟಲ್ ಜ್ಯಾಕ್ ಊರಲ್ಲಿದ್ದಿದ್ರೆ ಕೇಳ್ಬಹುದಿತ್ತು," ಎಂದ ಕೋಳಿ ಜಾನ್. "ಇರ್ಲಿ, ಚಳಿ ಕಳೆದ್ಮೇಲೆ ಬರ್ತಾನಲ್ಲ, ಆಗ ಕೇಳೋಣ."

ಶನಿವಾರ ಹ್ಯಾಮು ಕತ್ತರಿಸಿಟ್ಟೆ. ಎರಡು ಗಂಟೆಯಾದರೂ ಬೀದಿಯಲ್ಲಿ ನರಪಿಳ್ಳೆಯಿಲ್ಲ. ನನಗೆ ತಡೆಯಲಾಗಲಿಲ್ಲ. ಗಲ್ಲಾ ಗಂಡನಿಗೆ ಬಿಟ್ಟು, ಸತ್ತವರು ಯಾರೆಂದು ನೋಡಿಯೇ ಬರೋಣವೆಂದು ಚಾಪೆಲಿನ ದಿಬ್ಬ ಹತ್ತಿದೆ.

ಚಾಪೆಲಿನ ಬೆಂಚುಗಳೆಲ್ಲ ಖಾಲಿ. ಊರಿಗೆ ಹೊಸಬರಾದ ಪಾದ್ರಿ, ಶವಪೆಟ್ಟಿಗೆ, ಮುಂದೆ ಕಪ್ಪು ಕೋಟಿನ ಒಬ್ಬ ಹೆಂಗಸು, ಪಕ್ಕದಲ್ಲಿ ಗಂಡ. ಹೆಂಗಸು ತಿರುಗಿದಳು. ನಮ್ಮ ಕೆಟಲ್ ಮೇರಿಯನ್! ರಿಮ್ಮರ್ ಎಂಬುದು ಅವಳ ಗಂಡನ ಮನೆಯ ಹೆಸರೆಂದು ನಾವ್ಯಾರೂ ಕೇಳಿರಲಿಲ್ಲ. ಜ್ಯಾಕ್‌ಗೆ ಜಾನ್ ಎಡ್ವರ್ಡ್ ಎಂಬ ಹೆಸರಿದ್ದದ್ದೂ ಗೊತ್ತಿರಲಿಲ್ಲ. ಅವನ ಸಾವನ್ನು ಒಗಟು ಮಾಡಿಕೊಂಡು ವಾರವೆಲ್ಲ ನಕ್ಕಿದ್ದೆವಲ್ಲ ಎಂದು ನಾಚಿಕೆಯಾಯಿತು, ಅಳುವೂ ಬಂತು.

"ಒಬ್ರೂ ಬರ್ಲಿಲ್ಲ ಆಂಟಿ," ಎಂದಳು ಮೇರಿಯನ್. "ಅಪ್ಪ ಈ ಊರಿಗೆ ಅಂಥದ್ದೇನು ಮಾಡಿದ್ದ?"

"ಪೇಪರ್‌ನಲ್ಲಿ ಕೆಟಲ್ ಅಂತ ಯಾಕೆ ಹಾಕ್ಸಲಿಲ್ಲ ಕಣೇ?"

ಅವಳ ಮುಖ ಕೆಂಪಾಯಿತು. ಪೇಟೆಯ ಶಾಲೆಯಲ್ಲಿ ಹುಡುಗಿಯರು ಅವಳನ್ನು ಕಂಡಾಗಲೆಲ್ಲ ಕುದಿವ ಕೆಟಲಿನಂತೆ ಸೀಟಿ ಹಾಕುತ್ತಿದ್ದರಂತೆ. ಸತ್ತ ಮೇಲಾದರೂ ಅಪ್ಪನಿಗೆ ಮರ್ಯಾದೆಯ ಹೆಸರಿರಲಿ ಎಂದುಕೊಂಡಿದ್ದಳು. ಸತ್ತಿದ್ದು ಯಾರೆಂದೇ ಊರಿಗೆ ಗೊತ್ತಿಲ್ಲ, ಹೋಗಿ ಹೇಳು ಎಂದೆ. ನೀವೇ ಹೇಳಿಬಿಡಿ ಎಂದು ಕೈ ಹಿಡಿದಳು. ಸುದ್ದಿ ಹಂಚುವುದರಲ್ಲಿ ನಾನೇನು ಕಮ್ಮಿಯವಳಲ್ಲ. ಆದರೂ ಅವತ್ತು ಬಾಯಿ ಬಿಗಿಹಿಡಿದೆ.

"ನಿಮ್ಮಪ್ಪ ಕಣೇ. ನೀನೇ ಹೇಳ್ಬೇಕು."

ಪಾದ್ರಿ ಕಾಯುತ್ತೇನೆಂದರು. ಮೇರಿಯನ್ ಎತ್ತರದ ಹಿಮ್ಮಡಿಯ ಶೂನಲ್ಲಿ ತಡವರಿಸುತ್ತ ದಿಬ್ಬ ಇಳಿದು ಪಬ್ಬಿನ ಬಾಗಿಲು ತಳ್ಳಿದಳು. ಒಳಗೆ ಫುಟ್ಬಾಲಿನ ಗಲಾಟೆ. ಅವಳು ನಾಜೂಕಿನ ಇಂಗ್ಲಿಷಿನಲ್ಲಿ ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಆಮೇಲೆ, ಎಲ್ಲಿ ಅಡಗಿತ್ತೋ, ಥಾರ್ಡೆನ್ನಿನ ದನಿ ಗಂಟಲಿನಿಂದ ಹೊರಟಿತು.

"ನಾನು ಕೆಟಲ್ ಮೇರಿಯನ್. ನಮ್ಮಪ್ಪ ಹೋಗ್ಬಿಟ್ಟ. ಕೆಟಲ್ ಜ್ಯಾಕ್ ಹೋಗ್ಬಿಟ್ಟ."

ಗ್ಲಾಸುಗಳು ಒಂದೊಂದಾಗಿ ಮೇಜಿನ ಮೇಲೆ ಕೂತವು. ಕೋಳಿ ಜಾನ್ ಎದ್ದು, ಬೀದಿಯ ಎರಡೂ ಬದಿಯ ಬಾಗಿಲು ಬಡಿಯುತ್ತ ಹೋದ. ಜನ ಗಮ್‌ಬೂಟಿನಲ್ಲೇ ಬಂದರು, ಹಿಟ್ಟು ಮೆತ್ತಿದ ಕೈಯಲ್ಲೇ ಬಂದರು. ಒಳಗೆ ಜಾಗ ಸಾಲದೆ ಹೊರಗೆ ನಿಂತರು. ಪೆಟ್ಟಿಗೆ ಹೊರಬಂದಾಗ ದಿಬ್ಬದ ಬುಡದವರೆಗೂ ಟೋಪಿ ತೆಗೆದ ತಲೆಗಳೇ. ಮೇರಿಯನ್ ಅದನ್ನು ನೋಡಿ ನನ್ನ ಹೆಗಲಿಗೆ ಒರಗಿ ಅತ್ತಳು.

ಹ್ಯಾಮು ಸಾಲಲಿಲ್ಲ. ಕೋಳಿ ಜಾನ್ ಬುಟ್ಟಿಗಟ್ಟಲೆ ಮೊಟ್ಟೆ ತಂದ. ಎಲ್ಲರೂ ತಿಂದು ಮುಗಿಸಿದ ಮೇಲೆ ಮೇರಿಯನ್ ಚೀಲದಿಂದ ಅಪ್ಪನ ಫೋಟೋ ತೆಗೆದು, ಕೆಳಗೆ ಕೆಟಲ್ ಜ್ಯಾಕ್ ಎಂದಷ್ಟೇ ಬರೆದು, ಪಿಟೀಲಿನವನ ಪಕ್ಕದ ಮೊಳೆಗೆ ಹಾಕಿದಳು. ಆಮೇಲೆ ಫೋಟೋದ ಪಕ್ಕ ತನ್ನ ಮುಖ ಒಡ್ಡಿ ನಿಂತು ನನ್ನನ್ನು ಕರೆದಳು.

"ನೋಡಿ ಹೇಳಿ ಆಂಟಿ, ಇವ್ನು ನಮ್ಮವ್ನಾ?"

ನಾನು ಕನ್ನಡಕ ಒರೆಸಿಕೊಂಡು ಬಂದು ಇಬ್ಬರನ್ನೂ ನಿಧಾನವಾಗಿ ನೋಡಿದೆ. ಮೂಗು ಅದೇ ಎಂದೆ.