ಷಡ್ಡಕನ ಸಮುದ್ರ

ನಾಗಪುರದಲ್ಲಿ ಕನ್ನಡ ಮಾತಾಡುವವರು ಸಾವಿರಾರು ಜನ ಇದ್ದಾರೆ. ಅವರೆಲ್ಲರ ಬಾಯಿ ಒಟ್ಟುಗೂಡಿಸಿದರೂ ನನ್ನ ಒಂದು ಬಾಯಿಗೆ ಸಮನಾಗುವುದಿಲ್ಲ ಎಂಬುದು ಈ ಊರಿನ ಕಾಗೆಗಳಿಗೂ ಗೊತ್ತು. ನಾನು ಕೇಂದ್ರ ಸರ್ಕಾರದ ನೌಕರಿಯಲ್ಲಿದ್ದಾಗ ಊಟದ ಹೊತ್ತಿಗೆ ಕತೆ ಶುರುಮಾಡಿದರೆ ದಿಲ್ಲಿಯಿಂದ ತಪಾಸಣೆಗೆ ಬಂದ ಸಾಹೇಬರು ತಪಾಸಣೆ ಮರೆತು, ರೈಲು ತಪ್ಪಿಸಿಕೊಂಡು, ಮರುದಿನವೂ ಡಬ್ಬಿ ಹಿಡಿದು ನನ್ನೆದುರಿಗೇ ಬಂದು ಕೂರುತ್ತಿದ್ದರು. ಇಂಥ ಕಾಶೀನಾಥನನ್ನು ನಿವೃತ್ತಿಯಾದ ವರ್ಷವೇ ಮೂಲೆಗೆ ಕೂರಿಸಿದ್ದು ಒಂದು ಸಮುದ್ರ. ಸಮುದ್ರದ ತಪ್ಪಲ್ಲ ಬಿಡಿ. ಅದರ ದಂಡೆಯ ಮೇಲೆ ಫೋನು ಹಿಡಿದು ನಿಂತ ನನ್ನ ಷಡ್ಡಕ ಶಿವಶರಣಪ್ಪನ ತಪ್ಪು.

ಅಣ್ಣತಮ್ಮಂದಿರ ನಡುವೆ ಹೊಲದ ಬದುವಿರುತ್ತದೆ, ಜಗಳಕ್ಕೆ ಅನುಕೂಲ. ಷಡ್ಡಕರ ನಡುವೆ ಇರುವುದು ಅಕ್ಕತಂಗಿಯರ ನಾಲಿಗೆ ಮಾತ್ರ. ನನ್ನ ಹೆಂಡತಿ ಜಯವ್ವನ ತಂಗಿ ನೀಲವ್ವನನ್ನು ಕಟ್ಟಿಕೊಂಡ ಈ ಶಿವಶರಣಪ್ಪ ಬ್ಯಾಂಕಿನಲ್ಲಿದ್ದವನು. ಕೊನೆಯ ವರ್ಗ ಕಾರವಾರಕ್ಕಾಯಿತು. ನಿವೃತ್ತಿಯಾದ ಮೇಲೆ ಅಲ್ಲೇ ಮನೆ ಮಾಡಿಕೊಂಡ. ಅಂದಿನಿಂದ ನಮ್ಮ ಮನೆಯಲ್ಲಿ ಚಹಾ ಸೋಸುವುದರೊಳಗೆ ವಿಡಿಯೊ ಕಾಲ್ ಬರುತ್ತದೆ, ಫೋನಿನ ತುಂಬ ನೀರು.

“ಅಣ್ಣಾರ, ನೋಡ್ರಿ, ದೋಣಿ ದಂಡಿಗೆ ಬರಾಕತ್ತಾವು. ಟಿಕೆಟ್ಟಿಲ್ಲ, ಏನಿಲ್ಲ. ಎಲ್ಲಾ ಪುಕಟ್.”

ಪುಕಟ್ ಎಂಬ ಆ ಒಂದು ಮಾತು ದಿನವೂ ನನ್ನ ಎದೆಗೆ ಚುಚ್ಚುತ್ತಿತ್ತು. ಬೆಳಿಗ್ಗೆ ದೋಣಿ ಪುಕಟ್. ಕಾಳಿ ನದಿಯ ಸೇತುವೆಯ ಮೇಲೆ ನಿಂತರೆ ಗಾಳಿ ಪುಕಟ್. ಸದಾಶಿವಗಡದ ಗುಡ್ಡ ಹತ್ತಿದರೆ ಒಂದು ಕಡೆ ನದಿ, ಒಂದು ಕಡೆ ಸಮುದ್ರ, ಎರಡೂ ಪುಕಟ್. ಸಂಜೆ ಮತ್ತೆ ಕಾಲ್, ಸೂರ್ಯ ನೀರಿಗೆ ಇಳಿಯುವುದು ಪುಕಟ್. ನಮ್ಮ ಸೂರ್ಯನೂ ಅದೇ ಸೂರ್ಯ, ಆದರೆ ನಮ್ಮಲ್ಲಿ ಅವನು ಎದುರಿನ ಬಿಲ್ಡಿಂಗಿನ ನೀರಿನ ಟಾಕಿಯ ಹಿಂದೆ ಇಳಿಯುತ್ತಾನೆ.

ಹಾಗೆಂದು ನಾನು ಸುಮ್ಮನಿದ್ದೆನೆ?

“ನಮ್ಮ ಫುಟಾಳಾ ಕೆರಿಗೂ ಟಿಕೆಟ್ಟಿಲ್ರಿ,” ಅಂದೆ ಒಂದು ದಿನ.

“ಹೌದ್ರಿ? ದೊಡ್ಡದೈತೇನ್ರಿ ಅಣ್ಣಾರ?”

“ಆಚೀ ದಂಡಿ ಕಾಣಬೇಕಂದ್ರ ದುರ್ಬೀನು ಬೇಕು. ಒಮ್ಮೆ ನಸುಕಿನ್ಯಾಗ ನಾ ಒಬ್ಬನ ನಿಂತಿದ್ದೆ, ಒಂದು ತೆರಿ ಬಂತು ನೋಡ್ರಿ, ನನ್ನ ಚಪ್ಪಲಿ ಒಯ್ದು ಅಮರಾವತಿ ರಸ್ತಾಕ್ಕ ಇಟ್ಟು ಹೋತು.”

ಆ ಕಡೆಯಿಂದ ನಗುವಿನ ಸದ್ದು ಬಂತು, ನೀಲವ್ವನದು, ಮತ್ತೆ ಯಾರ್ಯಾರದೋ. ನನ್ನನ್ನು ನೋಡಿ ನಗುತ್ತಿದ್ದಾರೆ ಅಂದುಕೊಂಡು ಫೋನು ಜಯವ್ವನ ಕೈಗೆ ಕೊಟ್ಟುಬಿಟ್ಟೆ.

ಒಂದು ದಿನ ಅವನು ಬಲೆ ಎಳೆಯುವುದನ್ನು ತೋರಿಸಿದ. ಅಲ್ಲಿ ರಂಪಣಿ ಅಂತ ಒಂದು ದೊಡ್ಡ ಬಲೆ. ಸಮುದ್ರಕ್ಕೆ ಸುತ್ತು ಹಾಕಿ ದಂಡೆಯಿಂದ ಹತ್ತಾರು ಜನ ಹಗ್ಗ ಹಿಡಿದು ಎಳೆಯುತ್ತಾರೆ. ಮೀನಿನ ವಾಸನೆ ಬಂದರೆ ರಸ್ತೆ ದಾಟಿ ಹೋಗುತ್ತಿದ್ದ ನಮ್ಮ ಶಿವಶರಣಪ್ಪ ಪಂಚೆ ಮೇಲೆ ಕಟ್ಟಿ ಅವರ ನಡುವೆ ನಿಂತಿದ್ದಾನೆ. ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಬುಟ್ಟಿ ಬಂಗಡೆ.

“ಹಗ್ಗಕ್ಕ ಕೈ ಹಚ್ಚಿದವ್ರಿಗೆಲ್ಲಾ ಒಂದು ಪಾಲು ಕೊಡತಾರ್ರಿ. ಬ್ಯಾಡಂದ್ರ ಅವ್ರಿಗೆ ಬ್ಯಾಸರ. ತಗೊಂಡು ಬಾಜೂ ಮನಿಯವ್ರಿಗೆ ಕೊಡತೀನಿ.”

“ಮೀನು ಮುಟ್ಟಿ ಬಂದ ಮ್ಯಾಲ ನಾ ಇವ್ರನ್ನ ಹಿತ್ತಲದಾಗ ನಿಲ್ಲಿಸಿ ನೀರು ಸುರೀತೀನಿ ಅಕ್ಕಾ, ಎಮ್ಮಿಗೆ ಸುರದಂಗ,” ಎಂದಳು ಹಿಂದಿನಿಂದ ನೀಲವ್ವ.

ಜಯವ್ವ ನಕ್ಕಳು. ಸೆರಗಿನಿಂದ ಕಣ್ಣು ಒರೆಸಿಕೊಳ್ಳುವಷ್ಟು ನಕ್ಕಳು. ಉಮರೇಡ್ ಕಾಡಿನಲ್ಲಿ ಹುಲಿಯೊಂದು ನನ್ನ ಸ್ಕೂಟರಿಗೆ ದಾರಿ ಬಿಟ್ಟು, ಬಾಲ ಎತ್ತಿ ಸಲಾಮು ಹೊಡೆದ ಕತೆಯನ್ನು ಮದುವೆಯಾದ ವರ್ಷ ಹೇಳಿದ್ದೆ. ಆಗಲೂ ಅವಳು ಇಷ್ಟು ನಕ್ಕಿರಲಿಲ್ಲ. ನಾಗಪುರದ ಇಡೀ ಮೇ ತಿಂಗಳು ನನ್ನ ಹೊಟ್ಟೆಯೊಳಗೆ ಹೊಕ್ಕು ಕುಳಿತಂತಾಯಿತು. ಹೊರಗೆ ಜನವರಿ, ಒಳಗೆ ಬೆಂಕಿ.

ಅಂದು ಸಂಜೆಯೇ ಅವಳು ಮಾತು ತೆಗೆದಳು. “ಏನ್ರಿ, ನೀಲವ್ವನ ಮನಿ ಬಾಜೂಕ ಒಂದು ಮನಿ ಖಾಲಿ ಆಗೇತಂತ. ನಿಮ್ಮ ನೌಕರಿ ಮುಗೀತು. ಇಲ್ಲಿ ಇನ್ನ ಏನೈತಿ? ಈ ಮನಿ ಮಾರಿ ಅಲ್ಲಿ ಹೋಗೂಣಲ್ಲ.”

ನೋಡಿ, ನಾನು ಸಹಾರಾ ಮರುಭೂಮಿಯಲ್ಲಿ ಇರಬಲ್ಲೆ. ಹಿಮಾಲಯದ ತುದಿಯಲ್ಲಿ ಒಂಟಿ ಕಾಲಲ್ಲಿ ನಿಲ್ಲಬಲ್ಲೆ. ಆದರೆ ಶಿವಶರಣಪ್ಪನ ಗೋಡೆಗೆ ಗೋಡೆ ಹಚ್ಚಿ ಇರಲಾರೆ. ಅವನು ಕೆಟ್ಟವನಾಗಿದ್ದರೆ ಇರಬಹುದಿತ್ತು. ಅವನು ಹೇಳುವುದೆಲ್ಲ ನಿಜ. ಅದೇ ತೊಂದರೆ. ನಾನು ಬೆವರು ಸುರಿಸಿ ಕೆರೆಯನ್ನು ಸಮುದ್ರ ಮಾಡಬೇಕು, ಅವನು ಫೋನು ತಿರುಗಿಸಿದರೆ ಸಾಕು.

“ಬರೋಬರ್,” ಅಂದೆ. “ಆದ್ರ ಒಂದು ಮಾತು. ಬ್ಯಾಸಿಗಿಗೆ ಅವ್ರನ್ನ ಎಂಟು ದಿನ ಇಲ್ಲಿ ಕರಸೂಣು. ನಾಗಪುರದಾಗ ಪುಕಟ್ ಏನೇನೈತಿ ಅನ್ನೂದು ನಾ ತೋರಸ್ತೀನಿ. ಆ ಮ್ಯಾಲೂ ನೀ ಕಾರವಾರ ಅಂದ್ರ ನಾ ಗಂಟು ಕಟ್ಟತೀನಿ.”

“ಮಾತಿಗೆ ತಪ್ಪಬಾರದು,” ಅಂದಳು ಜಯವ್ವ.

ಮೇ ತಿಂಗಳಲ್ಲಿ ಬಂದಿಳಿದರು. ಬಿಸಿಲು ಎಷ್ಟಿತ್ತೆಂದರೆ ಸ್ಟೇಷನ್ನಿನ ಹೊರಗೆ ಟ್ಯಾಕ್ಸಿಯವನು ಬಾನೆಟ್ ಮೇಲೆ ಚಪಾತಿ ಸುಡುತ್ತಿದ್ದ. ನಾನೇ ನೋಡಿದ್ದೇನೆ. ನೀಲವ್ವನ ಕೈಯಲ್ಲಿ ಬಟ್ಟೆಯ ಚೀಲಕ್ಕಿಂತ ದೊಡ್ಡದೊಂದು ಅಕ್ಕಿಯ ಚೀಲ, ಸಾಬೂದಾಣಿಯ ಡಬ್ಬಿ.

“ಅಲ್ಲಿ ಶಂಡಗಿ ಒಣಗೂದಿಲ್ಲ ಅಕ್ಕಾ. ನಾಲ್ಕು ದಿನ ಇಟ್ಟರೂ ಸಮುದ್ರದ ಗಾಳಿಗೆ ಮೆತ್ತಗ ಆಗತಾವು. ಹಪ್ಪಳ ಎತ್ತಿದ್ರ ಕರವಸ್ತ್ರ ಎತ್ತಿದಂಗ ಆಗತೈತಿ.”

ಆ ಮಾತಿನ ಬೆಲೆ ಅಂದು ನನಗೆ ಹೊಳೆಯಲಿಲ್ಲ. ನನ್ನ ಲಕ್ಷ್ಯವೆಲ್ಲ ಯುದ್ಧದ ಮೇಲಿತ್ತು.

ಮರುದಿನ ಬಿಸಿಲೇರುವ ಮೊದಲೇ ಷಡ್ಡಕನನ್ನು ಸ್ಕೂಟರ್ ಹಿಂದೆ ಕೂರಿಸಿಕೊಂಡು ಝೀರೋ ಮೈಲ್ ಕಲ್ಲಿನ ಹತ್ತಿರ ಒಯ್ದೆ. ಕಲ್ಲಿನ ಕುದುರೆಗಳು, ಒಂದು ಕಂಬ, ಊರೂರಿನ ದೂರ ಕೆತ್ತಿದ ಬರಹ. “ಇದು ದೇಶದ ಹೊಕ್ಕಳ,” ಅಂದೆ. “ಇಲ್ಲಿ ನಿಂತ್ರ ಮನಷ್ಯಾನ ತೂಕ ಅರ್ಧ ಆಗತೈತಿ. ನಾಲ್ಕೂ ದಿಕ್ಕಿನ ಎಳೆತ ಸಮ ಆಗತೈತಲ್ಲ, ಅದಕ್ಕ.”

ಶಿವಶರಣಪ್ಪ ಚಪ್ಪಲಿ ಬಿಟ್ಟು ನಿಂತ. ಕಣ್ಣು ಮುಚ್ಚಿದ. “ಹೌದ್ರಿ ಅಣ್ಣಾರ. ಹಗುರ ಅನಸ್ತೈತಿ.”

ಸುಳ್ಳು ಹೇಳಿದವನಿಗೆ ಇದಕ್ಕಿಂತ ದೊಡ್ಡ ಅವಮಾನ ಇಲ್ಲ. ಎದುರಾಳಿ ವಾದಿಸಬೇಕು, ನಾನು ಗೆಲ್ಲಬೇಕು. ಇವನು ನಂಬಿಬಿಡುತ್ತಾನೆ.

ಅಲ್ಲಿಂದ ರೈಲು ಹಳಿಗಳು ಅಡ್ಡಡ್ಡ ದಾಟುವ ಡೈಮಂಡ್ ಕ್ರಾಸಿಂಗ್ ತೋರಿಸಲು ಒಂದು ಸೇತುವೆಯ ಮೇಲೆ ನಿಲ್ಲಿಸಿದೆ. ದಿಲ್ಲಿಯ ರೈಲು, ಚೆನ್ನೈಯ ರೈಲು, ಮುಂಬೈಯದು, ಹೌರಾದ್ದು, ಎಲ್ಲವೂ ನನ್ನ ಪರವಾನಗಿ ಕೇಳಿಯೇ ಇಲ್ಲಿ ದಾಟುತ್ತವೆ ಅಂದೆ. ಅದೇ ಹೊತ್ತಿಗೆ ಒಂದು ಗೂಡ್ಸ್ ಗಾಡಿ ನಿಂತಿತು. ಶಿವಶರಣಪ್ಪ ನನ್ನ ಮುಖ ನೋಡಿದ. ನಾನು ಕೈ ಎತ್ತಿದೆ. ಗಾಡಿ ಹೊರಟಿತು. ಇದು ಮಾತ್ರ ದೇವರಾಣೆ ನಿಜ. ಆದರೆ ಮನೆಗೆ ಬಂದು ಅದನ್ನು ಜಯವ್ವನಿಗೆ ಹೇಳಿದವನು ಅವನು. ಅವನು ಹೇಳಿದ್ದರಿಂದ ಅವಳು ನಂಬಿದಳು.

ಸಂಜೆ ನಾಲ್ವರೂ ಫುಟಾಳಾ ದಂಡೆಗೆ ಹೋದೆವು. ಆಚೀ ದಂಡೆ ಬರಿಗಣ್ಣಿಗೆ ಚೆನ್ನಾಗಿ ಕಾಣುತ್ತಿತ್ತು. ನಾನು ಬೇಸಿಗೆಗೆ ನೀರು ಇಳಿದಿದೆ ಅಂದೆ. ಶಿವಶರಣಪ್ಪ ಚಪ್ಪಲಿಯ ಪ್ರಸ್ತಾಪ ಎತ್ತಲಿಲ್ಲ, ದೊಡ್ಡ ಮನುಷ್ಯ. ಕೆರೆಯ ಆಳ ಅಳೆಯಲು ಹೋದ ಭೋಸಲೆ ಕಾಲದ ಸೈನಿಕನೊಬ್ಬ ಇನ್ನೂ ಮೇಲೆ ಬಂದಿಲ್ಲ ಎನ್ನುವ ಕತೆಗೆ ನಾನು ಕೈ ಹಾಕಿ ತಿರುಗಿ ನೋಡಿದರೆ, ಷಡ್ಡಕ ಇಲ್ಲ. ಅಷ್ಟು ದೂರದಲ್ಲಿ ಚನಾ ಮಾರುವವನ ಪಕ್ಕ ಕುಕ್ಕರಗಾಲಲ್ಲಿ ಕೂತು, ಹರುಕು ಹಿಂದಿಯಲ್ಲಿ ಅವನ ಮಗಳ ಮದುವೆಯ ಸುದ್ದಿ ಕೇಳುತ್ತಿದ್ದಾನೆ. ವಾಪಸ್ಸು ಬರುವಾಗ ಅವನ ಕೈಯಲ್ಲಿ ನಾಲ್ಕು ಪೊಟ್ಟಣ.

“ಹಣ ತಗೊಳ್ಳಾಕ ಒಲ್ಲೆ ಅಂದನ್ರಿ,” ಅಂದ.

ಇಷ್ಟು ವರ್ಷ ಆ ಕೆರೆಯ ಸುತ್ತ ನಾನು ತಿರುಗಿದ್ದೇನೆ. ಒಂದು ಕಾಳು ಯಾರೂ ಪುಕಟ್ ಕೊಟ್ಟಿಲ್ಲ. ನನ್ನ ಊರು ನನ್ನ ಕಣ್ಣೆದುರಿಗೇ ಅವನ ಕಡೆ ಹೋಗುತ್ತಿತ್ತು.

ಮೂರನೆಯ ದಿನ ಅಕ್ಕತಂಗಿ ಮಾಳಿಗೆ ಹತ್ತಿದರು. ಹಳೆಯ ಧೋತರ ಹಾಸಿ, ಬೆಳ್ಳಂಬೆಳಿಗ್ಗೆ ಸಂಡಿಗೆ ಇಟ್ಟರು. ಕೊನೆಯ ಸಾಲು ಇಟ್ಟು ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಮೊದಲ ಸಾಲು ಒಣಗಿ ಗಲಗಲ ಅನ್ನುತ್ತಿತ್ತು. ಮಧ್ಯಾಹ್ನ ಹಪ್ಪಳ, ಮರುದಿನ ಶಾವಿಗೆ. ನೀಲವ್ವ ಒಂದು ಸಂಡಿಗೆ ಮುರಿದು ಕಿವಿಯ ಹತ್ತಿರ ಹಿಡಿದು ಸಪ್ಪಳ ಕೇಳಿದಳು.

“ಅಕ್ಕಾ, ನಿನ್ನ ನಸೀಬ ಬಲು ದೊಡ್ಡದು. ಇಂಥಾ ಬಿಸಲು ಪುಕಟ್ ಸಿಗತೈತಿ. ನನ್ನ ಮನ್ಯಾಗ ಉಪ್ಪಿನ ಡಬ್ಬಿ ತಗದ್ರ ನೀರು. ಕಪಾಟಿನ್ಯಾಗಿನ ರೇಷ್ಮಿ ಪತ್ತಲಕ್ಕ ಬೂಷ್ಟು. ಮಳಿಗಾಲದಾಗ ಇವ್ರ ಬನಿಯನ್ನ ಒಲಿ ಮ್ಯಾಲ ಹಿಡೀತೀನಿ.”

ಅವಳ ಕಣ್ಣಲ್ಲಿ ನಾನು ಆ ಉರಿಯನ್ನು ಕಂಡೆ. ಇಷ್ಟು ತಿಂಗಳು ಕನ್ನಡಿಯಲ್ಲಿ ನನ್ನ ಕಣ್ಣಲ್ಲೇ ಕಂಡದ್ದು, ಗುರುತು ಸಿಗದೆ ಇರುತ್ತದೆಯೆ?

ಜಯವ್ವ ಎದೆಯುಬ್ಬಿಸಿದಳು. “ನಮ್ಮ ನಾಗಪುರ ಅಂದ್ರ ಏನಂತ ತಿಳದಿ?” ಅಂದಳು. ನಮ್ಮ ನಾಗಪುರ. ಮದುವೆಯಾಗಿ ಬಂದ ಮೇಲೆ ಮೊದಲ ಸಲ. ಅಂದು ರಾತ್ರಿ ನಾನು ಶ್ರೀಖಂಡ ತಿಂದದ್ದು ಬಟ್ಟಲಲ್ಲಲ್ಲ, ಪಾತೇಲಿಯಲ್ಲೇ. ಅವಳು ಕಾರವಾರದ ಮಾತೇ ಬಿಟ್ಟಳು. ಗೆದ್ದೆ.

ಗೆಲುವು ಒಂದು ದಿನ ಬಾಳಿತು. ಸಂಜೆ ಮಾಳಿಗೆಯ ಮೇಲೆ ನೀರು ಚಿಮುಕಿಸಿ ಚಾಪೆ ಹಾಸಿ ಕೂತಿದ್ದೆವು. ಅಕ್ಕತಂಗಿ ಶಾವಿಗೆ ಡಬ್ಬಿಗೆ ತುಂಬುತ್ತಿದ್ದರು. ಶಿವಶರಣಪ್ಪ ಮೊಣಕಾಲು ಮಡಚಿ, ಬಿಡಿಸಿ, ಮತ್ತೆ ಮಡಚಿ ನೋಡಿದ.

“ಅಣ್ಣಾರ, ಐದು ದಿನದಾಗ ಈ ನೋವು ಹೋತು. ಇಲ್ಲಿ ಒಣಾ ಹವಾ ನನಗ ಚಲೋ ಹೊಂದತೈತಿ. ನಿಮ್ಮ ಎದುರು ಬಾಗಲದ ಅಭಿಜಿತ್ ಮನಿ ಮಾರತಾನಂತ. ಬುಟಿಬೋರಿ ಫ್ಯಾಕ್ಟರಿಗೆ ದಿನಾ ಹೋಗಿ ಬರೂದು ದೂರ ಆಗತೈತಿ, ಅಲ್ಲೇ ಮನಿ ಮಾಡತಾನಂತ. ನಾವು ತಗೋಬೇಕಂತ ಮಾಡೇವಿ.”

ಅಭಿಜಿತ್ ನಮ್ಮ ಎದುರು ಬಾಗಿಲಲ್ಲಿ ಒಂಬತ್ತು ವರ್ಷದಿಂದ ಇದ್ದಾನೆ. ಮನೆ ಮಾರುವುದಿರಲಿ, ಅವನು ಮಾತಾಡಬಲ್ಲ ಅನ್ನುವುದೇ ನನಗೆ ಗೊತ್ತಿರಲಿಲ್ಲ.

“ನಿಮಗ ಯಾರು ಹೇಳಿದ್ರು?”

“ಅವನ ಹೇಳಿದನ್ರಿ. ಬೆಳಿಗ್ಗೆ ಕಾಕಾ, ಕಾಕಾ ಅಂತ ಪೋಹೆ ತಿನ್ನಾಕ ಕರದಿದ್ದ.”

ನನಗೆ ಚಾಪೆಯ ಕೆಳಗಿನ ಮಾಳಿಗೆ ಜಾರಿದಂತಾಯಿತು. ಕಾರವಾರದಲ್ಲಾದರೆ ನಡುವೆ ಒಂದು ಗೋಡೆ ಇರುತ್ತಿತ್ತು. ಇಲ್ಲಿ ಬಾಗಿಲಿಗೆ ಬಾಗಿಲು. ತಡಮಾಡದೆ ನಾನು ನಾಲಿಗೆಯನ್ನು ತಿರುಗಿಸಿದೆ.

“ಹುಚ್ಚರೇನ್ರಿ ನೀವು? ಸಮುದ್ರ ಬಿಟ್ಟು ಯಾರರ ಬರತಾರ? ಈ ಬಿಸಲು ಒಂದು ತಿಂಗಳ ಸುಖ. ಸಮುದ್ರ ಅಂದ್ರ ಏನು? ನಸುಕಿನ್ಯಾಗ ಹಗ್ಗ ಹಿಡದು ನಿಂತ್ರ ಆ ಕಡೆ ತುದಿಗೆ ಇಡೀ ಸಮುದ್ರ ತೂಗತಿರತೈತಿ. ನೀವು ಎಳದ್ರ ಅದು ಎಳೀತೈತಿ. ಯಾವ ರಾಜನ ಕೈಗೂ ಅಂಥಾ ಹಗ್ಗ ಸಿಕ್ಕಿಲ್ಲ. ಸಂಜಿಗೆ ಸೂರ್ಯಾ ಇಳಿಯೂ ಮುಂದ ನಿಮ್ಮ ಅಪ್ಪಣಿ ಕೇಳಿ ಇಳೀತಾನ, ಒಂದು ಕಾಲು ನೀರಾಗ ಇಟ್ಟು, ತಣ್ಣಗೈತಿ ಅಂತ ಹಿಂದ ತಗದು, ಮತ್ತ ಇಡತಾನ. ನಾ ಆಗಿದ್ರ ಆ ದಂಡಿ ಬಿಟ್ಟು ಒಂದು ಹೆಜ್ಜಿ ಅತ್ತಿತ್ತ ಸರೀತಿದ್ದಿಲ್ಲ.”

ಹೇಳುತ್ತ ಹೇಳುತ್ತ ನನಗೇ ಬಾಯಲ್ಲಿ ಉಪ್ಪಿನ ರುಚಿ ಬಂತು. ಜಯವ್ವನ ಕೈಯಲ್ಲಿ ಶಾವಿಗೆ ಹಾಗೇ ನಿಂತಿತ್ತು.

“ಇಷ್ಟು ಆಸೆ ಇತ್ತಂದ್ರ ಮೊದಲ ಹೇಳಬೇಕಿಲ್ರಿ?” ಅಂದಳು. “ಸುಮ್ಮನ ಯಾಕ ಹಟ ಮಾಡಿದ್ರಿ? ಹೋಗೂಣ ನಡೀರಿ ಕಾರವಾರಕ್ಕ.”

“ಅಕ್ಕಾ, ನಾವು ಇಲ್ಲಿ ಬರತೀವಿ ಅಂತೀವಿ, ನೀವು ಅಲ್ಲಿ ಹೊಂಟ್ರಿ,” ಅಂದಳು ನೀಲವ್ವ. ಆಮೇಲೆ ಇಬ್ಬರ ಕಣ್ಣೂ ಒಂದೇ ಸಲ ಹೊಳೆಯಿತು. ಬೇಸಿಗೆ ನಾಲ್ವರೂ ಇಲ್ಲಿ, ಉಳಿದ ಕಾಲ ನಾಲ್ವರೂ ಅಲ್ಲಿ. ಎರಡು ಹೆಂಗಸರು ನಿಶ್ಚಯ ಮಾಡಿ ಮುಗಿಸಲು ಒಂದು ಸಂಡಿಗೆ ಒಣಗುವಷ್ಟು ಹೊತ್ತೂ ಹಿಡಿಯಲಿಲ್ಲ.

ನಾನು ಸೋತ ಮುಖ ಮರೆಸಲು ಗೋಡೆಯ ಹತ್ತಿರ ಹೋಗಿ ನಿಂತೆ. ಶಿವಶರಣಪ್ಪ ಪಕ್ಕಕ್ಕೆ ಬಂದ.

“ಅಣ್ಣಾರ, ನಿಮಗ ಮನಸಿಲ್ಲಂದ್ರ ಹೇಳ್ರಿ, ಬಿಡತೀವಿ. ನಂದೊಂದು ಮಾತೈತಿ. ನಾನು ದಿನಾ ಕಾಲ್ ಮಾಡೂದು ಸಮುದ್ರ ತೋರಸಾಕಲ್ಲ. ನೀವು ಏನರ ಹೇಳತೀರಿ ಅಂತ ಓಣಿ ಮಂದಿ ನಮ್ಮ ಮನ್ಯಾಗ ಬಂದು ಕುಂತಿರತಾರ. ನೀಲಾ ನಾ ಹೇಳಿದ ಮಾತಿಗೆ ಒಂದ ದಿನ ನಕ್ಕಿಲ್ಲ. ನಿಮ್ಮ ಚಪ್ಪಲಿ ಸುದ್ದಿಗೆ ಮೂರು ದಿನ ನಕ್ಕಾಳ. ನಾ ಸಮುದ್ರ ಅಂದ್ರ ಅದು ಬರೇ ನೀರು. ನನಗ ಬಾಳ ಹೊಟ್ಟಿಕಿಚ್ಚಾಗತೈತ್ರಿ.”

ಕೆಳಗೆ ರಸ್ತೆಯಲ್ಲಿ ಹಿಂಗಣಾದ ಫ್ಯಾಕ್ಟರಿಗಳಲ್ಲಿ ಪಾಳಿ ಮುಗಿಸಿದವರ ಬೈಕುಗಳು ಸಾಲುಗಟ್ಟಿ ಬರುತ್ತಿದ್ದವು. ನನ್ನ ಎದೆ ಇಷ್ಟಗಲ ಆಗಿ, ಮಾಳಿಗೆಯ ಗೋಡೆ ಬಿರಿಯಬಹುದೆಂದು ಒಂದು ಹೆಜ್ಜೆ ಹಿಂದೆ ಸರಿದೆ. ಆ ಕ್ಷಣದಲ್ಲಿ ಅವನು ನನ್ನ ಮನೆಯ ನಡುಮನೆಯನ್ನೇ ಕೇಳಿದ್ದರೂ ಕೊಡುತ್ತಿದ್ದೆ. ಹಿಂದೆ ತಿರುಗಿದರೆ ಜಯವ್ವ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಕಣ್ಣು ತುಂಬಿತ್ತು, ಅವನ ಮಾತಿಗೆ. ಮತ್ಸರವನ್ನು ಕೂಡ ಎಷ್ಟು ಚೆನ್ನಾಗಿ ಹೇಳಿದ ನೋಡಿ, ಒಂದೇ ಒಂದು ಸುಳ್ಳು ಬೆರೆಸದೆ. ನಾನು ಇಷ್ಟು ತಿಂಗಳಿಂದ ಉರಿದುರಿದು ಬೂದಿಯಾದರೂ ನನಗೆ ಅದು ಬಾಯಿಗೆ ಬಂದಿರಲಿಲ್ಲ.

ಆದರೂ ದೊಡ್ಡವನು ದೊಡ್ಡವನಂತೆ ನಡೆಯಬೇಕು. “ಏನೂ ಚಿಂತಿ ಮಾಡಬ್ಯಾಡ್ರಿ,” ಅಂದೆ. “ಮನಿ ಮಾತು ನಾ ಮುಗಸ್ತೀನಿ. ಈ ಬಿಲ್ಡಿಂಗ್‌ದಾಗ ನನ್ನ ಶಬ್ದ ಅಂದ್ರ ಕಲ್ಲಿನ ಗೆರಿ.”

ಮೆಟ್ಟಿಲಿಳಿದು ಹೋಗಿ ಎದುರು ಮನೆಯ ಬಾಗಿಲು ತಟ್ಟಿದೆ. ಅಭಿಜಿತ್ ತೆರೆದ. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ, ಆಮೇಲೆ ನನ್ನ ಹೆಗಲ ಮೇಲಿಂದ ಕತ್ತು ಉದ್ದ ಮಾಡಿ ಮೆಟ್ಟಿಲ ಕಡೆ ನೋಡಿದ.

“ಕಾಕಾ ನಾಹೀ ಆಲೇ?” ಅಂತ ಕೇಳಿದ. ಕಾಕಾ ಬರಲಿಲ್ಲವೆ ಅಂತ.